ಎಣ್ಣೆ ವಿದ್ಯೆಯ ಬೀಗದ ಕೈ ಯಾರಲ್ಲಿದೆ?

ಕಳೆದ ವಾರ ಗಿರಣಿ ಗೇಟಿನ ಮುಂದಿನ ಸಭೆ ಮುಗಿದು ಜಮಖಾನೆ ಸುತ್ತುವ ಹೊತ್ತಿಗೆ ನೂಲುವ ಖಾತೆಯ ಹಿರಿಯ ಕಾರ್ಮಿಕರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಬಳಿ ಬಂದರು. ಹುಡುಗ ದೂರದ ಒಂದು ವಿಶ್ವವಿದ್ಯಾಲಯದ ಪೆಟ್ರೋಲಿಯಂ ಶಾಲೆಯಲ್ಲಿ ಮೂರನೆಯ ವರ್ಷ ಓದುತ್ತಿದ್ದಾನೆ. ರಜೆಗೆ ಊರಿಗೆ ಬಂದಿದ್ದ. "ಮೇಷ್ಟ್ರೇ, ಸೊಸೈಟಿಯಲ್ಲಿ ಸಾಲ ತೆಗೆದು ಇವನಿಗೆ ಲ್ಯಾಪ್‌ಟಾಪ್ ಕೊಡಿಸಿದೆ. ಈಗ ನೋಡಿದರೆ ಓದಿನ ಮುಖ್ಯ ಕೆಲಸ ಅದರಲ್ಲಿ ಆಗೋದೇ ಇಲ್ಲ ಅಂತಾನೆ. ಇವನಿಗೆ ಓದೋ ಮನಸ್ಸಿಲ್ಲವೋ, ನಿಜವಾಗಿಯೂ ಆಗೋದಿಲ್ಲವೋ, ನೀವೇ ವಿಚಾರಿಸಿ" ಎಂದರು.

ವಿಚಾರಿಸಿದೆವು. ತಪ್ಪು ಹುಡುಗನದಲ್ಲ. ಅವನ ವಿಭಾಗದಲ್ಲಿ ತಂಪು ಹವೆಯ ಒಂದು ಕಂಪ್ಯೂಟರ್ ಕೋಣೆ ಉಂಟು. ನೆಲದೊಳಗಿನ ಎಣ್ಣೆಯ ಲೆಕ್ಕ ಹಾಕುವ ಸಾಫ್ಟ್‌ವೇರನ್ನು ದೊಡ್ಡ ಕಂಪನಿಯೊಂದು ಆ ಕೋಣೆಗೆ ಪುಕ್ಕಟೆಯಾಗಿ ಕೊಟ್ಟಿದೆ. ಬಾಗಿಲ ಮೇಲೆ ಕಂಪನಿಯ ಹೆಸರಿನ ಫಲಕವೂ ಇದೆ. ಆದರೆ ಆ ಸಾಫ್ಟ್‌ವೇರ್ ಆ ಕೋಣೆಯ ಯಂತ್ರಗಳಲ್ಲಿ ಮಾತ್ರ ಓಡುತ್ತದೆ. ಒಮ್ಮೆಗೆ ಇಂತಿಷ್ಟೇ ಜನ ಎಂದು ಲೈಸೆನ್ಸಿನ ಮಿತಿ ಇದೆ. ಓದುವವರು ಅದರ ಮೂರು ಪಟ್ಟು. ಸಂಜೆ ಐದೂವರೆಗೆ ಕೋಣೆಗೆ ಬೀಗ, ಭಾನುವಾರ ಇಡೀ ದಿನ ಬೀಗ. "ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು ಸಾರ್. ಲೆಕ್ಕ ಅರ್ಧ ಓಡುತ್ತಿರುವಾಗಲೇ ಬೀಗ ಹಾಕುವವರು ಬಂದು ನಿಲ್ಲುತ್ತಾರೆ" ಎಂದು ಹುಡುಗ ಹೇಳಿದ. ತಂದೆ ನಕ್ಕುಬಿಟ್ಟರು: "ಹಾಗಾದರೆ ನೀನೂ ಬದಲಿ ಅನ್ನು!"

ಆ ನಗುವಿನಲ್ಲಿದ್ದ ನೋವು ಗಿರಣಿಯವರಿಗೆ ತಿಳಿಯುತ್ತದೆ. ಬೆಳಿಗ್ಗೆ ಗೇಟಿನ ಮುಂದೆ ಬಂದು ನಿಂತು, ಇಂದು ಯಾರಾದರೂ ತಪ್ಪಿಸಿಕೊಂಡರೆ ನನಗೆ ಕೆಲಸ ಸಿಕ್ಕೀತೆ ಎಂದು ಕಾಯುವವನೇ ಬದಲಿ ಕಾರ್ಮಿಕ. ಕೈಯಲ್ಲಿ ಕಸುಬಿದೆ, ಮೈಯಲ್ಲಿ ಕಸುವಿದೆ, ಮಗ್ಗ ಮಾತ್ರ ಅವನದಲ್ಲ. ತಂದೆ ಇಪ್ಪತ್ತು ವರ್ಷದ ಹಿಂದೆ ಅನುಭವಿಸಿದ್ದನ್ನು ಮಗ ಈಗ ವಿದ್ಯೆಯ ಗುಡಿಯಲ್ಲಿ ಅನುಭವಿಸುತ್ತಿದ್ದಾನೆ.

ಗಿರಣಿ ಕೆಲಸಗಾರರಿಗೂ ಅಂಗಡಿಯವರಿಗೂ ಈ ಪೆಟ್ರೋಲಿಯಂ ಶಾಲೆಯ ಕಂಪ್ಯೂಟರ್ ಗೊಡವೆ ಯಾತಕ್ಕೆ ಎಂದು ಕೆಲವರು ಕೇಳಬಹುದು. ಗೊಡವೆ ಇದೆ. ಈ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇಕಡ 85ಕ್ಕಿಂತ ಹೆಚ್ಚನ್ನು ನಾವು ಹೊರಗಿನಿಂದ ತರಿಸುತ್ತೇವೆ. ಆ ಬೆಲೆ ಏರಿದ ದಿನವೇ ಲಾರಿ ಬಾಡಿಗೆ ಏರುತ್ತದೆ, ಅಂಗಡಿಯ ಬೇಳೆ ಬೆಲ್ಲದ ಬೆಲೆ ಏರುತ್ತದೆ, ಕಾರ್ಮಿಕನ ಕೂಲಿ ಮಾತ್ರ ಇದ್ದಲ್ಲೇ ಇರುತ್ತದೆ. ನಮ್ಮ ನೆಲದಲ್ಲಿ ಇರುವ ಎಣ್ಣೆಯನ್ನು ಪೂರಾ ತೆಗೆಯಬಲ್ಲ ಜನ ನಮ್ಮಲ್ಲೇ ತಯಾರಾಗಬೇಕಾದರೆ ಅವರು ಕಲಿಯುವುದು ಎಲ್ಲಿ, ಯಾವ ಉಪಕರಣದಲ್ಲಿ, ಯಾರ ಅಪ್ಪಣೆಯ ಮೇಲೆ ಎಂಬುದು ನಮ್ಮೆಲ್ಲರ ಪ್ರಶ್ನೆ.

ಈ ಲೆಕ್ಕ ಎಂಥದು?

ನೆಲದಡಿಯಲ್ಲಿ ಎಣ್ಣೆ ಕೆರೆಯಂತೆ ನಿಂತಿರುತ್ತದೆ ಎಂದು ಬಹಳ ಜನರ ಭಾವನೆ. ಹಾಗಲ್ಲ. ಅದು ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಮತ್ತು ಅನಿಲದ ಜೊತೆ ಸೇರಿಕೊಂಡಿರುತ್ತದೆ. ನೀರಿನಲ್ಲಿ ನೆನೆದ ಇಟ್ಟಿಗೆಯನ್ನು ನೆನೆಸಿಕೊಳ್ಳಿ. ಬಾವಿ ಕೊರೆದರೆ ಒಳಗಿನ ಒತ್ತಡಕ್ಕೆ ಒಂದಿಷ್ಟು ತಾನಾಗಿ ಬರುತ್ತದೆ; ಆಮೇಲೆ ಒತ್ತಡ ಇಳಿದು ನಿಂತುಹೋಗುತ್ತದೆ. ಇನ್ನೊಂದು ಬಾವಿಯಿಂದ ನೀರು ನೂಕಿ ಈ ಕಡೆಗೆ ಎಣ್ಣೆಯನ್ನು ಒತ್ತಬೇಕು. ಎಲ್ಲಿ ನೂಕಬೇಕು, ಎಷ್ಟು ನೂಕಬೇಕು ಎಂಬುದು ತಪ್ಪಿದರೆ ಎಣ್ಣೆ ಹಿಂದೆ ಉಳಿದು ನೀರೇ ಮೊದಲು ಬಾವಿಗೆ ಬಂದುಬಿಡುತ್ತದೆ. ಲೋಕದ ಸರಾಸರಿ ನೋಡಿದರೆ ನೆಲದಲ್ಲಿರುವ ಎಣ್ಣೆಯ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಮೇಲೆ ಬರುತ್ತದೆ, ಉಳಿದದ್ದು ಕಲ್ಲಿನಲ್ಲೇ ಉಳಿಯುತ್ತದೆ.

ಅದಕ್ಕೇ ಈ ಲೆಕ್ಕ. ನೆಲದಡಿಯ ಕಲ್ಲನ್ನು ಕಾಗದದ ಮೇಲೆ ಸಾವಿರಾರು ಚೌಕಗಳಾಗಿ ಒಡೆಯುತ್ತಾರೆ. ಒಂದೊಂದು ಚೌಕದಲ್ಲಿ ಎಷ್ಟು ಎಣ್ಣೆ, ಎಷ್ಟು ನೀರು, ಎಷ್ಟು ಒತ್ತಡ ಎಂದು ಬರೆದು, ಇಂದು ಇಷ್ಟಿದ್ದರೆ ಮುಂದಿನ ತಿಂಗಳು ಪಕ್ಕದ ಚೌಕಕ್ಕೆ ಎಷ್ಟು ಹರಿದೀತು ಎಂದು ಹೆಜ್ಜೆ ಹೆಜ್ಜೆಯಾಗಿ ಗುಣಿಸುತ್ತ ಹೋಗುತ್ತಾರೆ. ಬಾವಿಯಿಂದ ನಿಜವಾಗಿ ಬಂದದ್ದಕ್ಕೂ ಲೆಕ್ಕದಲ್ಲಿ ಬಂದದ್ದಕ್ಕೂ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಕಲ್ಲಿನ ಬಗೆಗಿನ ಊಹೆಯನ್ನು ತಿದ್ದಿ ಮತ್ತೆ ಮೊದಲಿಂದ. ಹತ್ತು ಸಲ, ಐವತ್ತು ಸಲ ಹೀಗೆ ಮಾಡಿದ ಮೇಲೆ ಕೈಗೆ ಹದ ಬರುತ್ತದೆ. ಅಂಗಡಿಯ ರೋಜು ಮೇಳವನ್ನು ಒಂದು ಸಲ ಬರೆದವನು ಲೆಕ್ಕಿಗನಾಗುವುದಿಲ್ಲ. ಈ ವಿದ್ಯೆಯೂ ಹಾಗೆಯೇ, ತಪ್ಪು ಮಾಡಿ ತಿದ್ದಿಕೊಳ್ಳಲು ಹೊತ್ತು ಬೇಕು. ಹೊತ್ತನ್ನೇ ಬೀಗ ಹಾಕಿ ಇಟ್ಟರೆ ಕಲಿಯುವುದೇನು?

ಇದರ ಬುಡದಲ್ಲಿರುವ ಸೂತ್ರ ಯಾವ ಕಂಪನಿಯ ಸೊತ್ತೂ ಅಲ್ಲ. ಹೆನ್ರಿ ಡಾರ್ಸಿ ಎಂಬ ಎಂಜಿನಿಯರು ಫ್ರಾನ್ಸಿನ ಡಿಜಾನ್ ಪಟ್ಟಣದ ಜನರಿಗೆ ಕುಡಿಯುವ ನೀರು ಒದಗಿಸಿದವರು. ಮರಳಿನ ಮೂಲಕ ನೀರು ಹೇಗೆ ಇಳಿಯುತ್ತದೆ ಎಂದು ಅಳೆದು, ಆ ಊರಿನ ಸಾರ್ವಜನಿಕ ನೀರು ಸರಬರಾಜನ್ನು ಕುರಿತ ಗ್ರಂಥದಲ್ಲಿ 1856ರಲ್ಲಿ ಅಚ್ಚು ಹಾಕಿಸಿದರು. ಇಂದಿಗೂ ಲೋಕದ ಎಣ್ಣೆ ಬಾವಿಗಳ ಲೆಕ್ಕವೆಲ್ಲ ಆ ಸೂತ್ರದ ಮೇಲೆಯೇ ನಿಂತಿದೆ. ಊರಿನ ನಲ್ಲಿ ನೀರಿಗಾಗಿ ಹುಟ್ಟಿದ ಸಾರ್ವಜನಿಕ ವಿದ್ಯೆಯನ್ನು ಕಲಿಯಲು ಇಂದು ಕಾರ್ಮಿಕನ ಮಗ ಕಂಪನಿಯ ಪರವಾನಗಿಗೆ ಕಾಯಬೇಕಾಗಿದೆ!

ದಾನದ ಹಿಂದಿನ ವ್ಯಾಪಾರ

ಕಂಪನಿಗಳು ವಿಶ್ವವಿದ್ಯಾಲಯಗಳಿಗೆ ಸಾಫ್ಟ್‌ವೇರ್ ಕೊಡುವಾಗ ಅದರ ಬೆಲೆ ಕೋಟಿ ಕೋಟಿ ಡಾಲರ್ ಎಂದು ಪ್ರಕಟಣೆ ಹೊರಡಿಸುವುದುಂಟು. ಅದು ಅವರೇ ಕಟ್ಟಿದ ಪಟ್ಟಿ ಬೆಲೆ. ಇನ್ನೊಂದು ಪ್ರತಿ ತೆಗೆಯಲು ಅವರಿಗೆ ತಗಲುವ ಖರ್ಚು ನಮ್ಮ ಪತ್ರಿಕೆಯ ಒಂದು ಪ್ರತಿಗೆ ತಗಲುವಷ್ಟೂ ಇಲ್ಲ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬಂತೆ ನಮ್ಮ ವಿದ್ಯಾ ಸಂಸ್ಥೆಗಳವರು ಕೈಚಾಚುತ್ತಾರೆ. ವರ್ಷ ವರ್ಷ ಲೈಸೆನ್ಸ್ ನವೀಕರಿಸಬೇಕು, ಕ್ಯಾಂಪಸ್ಸಿನ ಹೊರಗೆ ಓಡಿಸಕೂಡದು, ಪಾಠಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸಕೂಡದು, ಒಳಗಿನ ಬರವಣಿಗೆಯನ್ನು ಬಿಚ್ಚಿ ನೋಡಕೂಡದು ಎಂಬಂಥ ಷರತ್ತುಗಳ ಕಡೆಗೆ ಯಾರೂ ಕಣ್ಣು ಹಾಯಿಸುವುದಿಲ್ಲ.

ಇದು ಸಣ್ಣ ವ್ಯಾಪಾರಿಗಳಿಗೆ ಹೊಸ ಸಂಗತಿಯಲ್ಲ. ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ಬಳಸುವವರು ಅದರ ಪುಕ್ಕಟೆ ಶೈಕ್ಷಣಿಕ ಬಗೆಯನ್ನು ನೋಡಿರಬಹುದು. ಅದರಲ್ಲಿ ತಿಂಗಳ ಒಂದು, ಎರಡು ಮತ್ತು ಮೂವತ್ತೊಂದನೆಯ ತಾರೀಖಿನ ವ್ಯವಹಾರ ಮಾತ್ರ ಬರೆಯಬಹುದು. ಕಲಿಯಲು ಅಷ್ಟು ಸಾಕು. ಅಂಗಡಿ ನಡೆಸಲು ಸಾಲದು, ಕೊಳ್ಳಬೇಕು. ಗುಮಾಸ್ತೆ ಕಲಿತದ್ದು ಅದನ್ನೇ ಆದ್ದರಿಂದ ಧಣಿ ಬೇರೆಯದನ್ನು ಕೊಳ್ಳುವ ಹಾಗೂ ಇಲ್ಲ. ತಾನು ಮಾಡಿದ ಸರಕನ್ನು ಮಾರುವವನು ಹೀಗೆ ಮಾಡುವುದು ವ್ಯಾಪಾರ ಧರ್ಮ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ನಮ್ಮ ಆಕ್ಷೇಪ ಇರುವುದು ಜನರ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾಲಯ ಒಬ್ಬ ವ್ಯಾಪಾರಿಯ ಮಾದರಿ ಅಂಗಡಿಯಾಗಿ ನಿಲ್ಲುವುದಕ್ಕೆ. ನಾಲ್ಕು ವರ್ಷ ಒಂದೇ ಕಂಪನಿಯ ಗುಂಡಿ ಒತ್ತಲು ಕಲಿತು ಹೊರಬಂದ ಹುಡುಗ ಎಲ್ಲಿ ಕೆಲಸಕ್ಕೆ ಸೇರಿದರೂ ಆ ಕಂಪನಿಯ ಗಿರಾಕಿಯನ್ನೇ ಹುಟ್ಟಿಸುತ್ತಾನೆ. ಗಾಣದ ಎತ್ತಿಗೆ ದಾರಿ ತಪ್ಪುವುದಿಲ್ಲ, ನಿಜ. ಆದರೆ ಅದು ಊರನ್ನೂ ಸೇರುವುದಿಲ್ಲ.

ಕೆನಡಾ ದೇಶದ ಒಂದು ಕಥೆ ಇಲ್ಲಿ ಹೇಳಬೇಕು. ಅಲ್ಲಿನ ಕ್ಯಾಲ್ಗರಿ ಪಟ್ಟಣದಲ್ಲಿ ಖಾಲಿದ್ ಅಜೀಜ್ ಎಂಬ ಪ್ರಾಧ್ಯಾಪಕರ ಮುಂದಾಳುತನದಲ್ಲಿ 1978ರಲ್ಲಿ ಕಂಪ್ಯೂಟರ್ ಮಾಡೆಲಿಂಗ್ ಗ್ರೂಪ್ ಎಂಬ ಸಂಸ್ಥೆ ಹುಟ್ಟಿತು. ಹುಟ್ಟಿದ್ದು ವಿಶ್ವವಿದ್ಯಾಲಯದ ಮಡಿಲಲ್ಲಿ. ಹಾಲೆರೆದದ್ದು ಆಲ್ಬರ್ಟಾ ಪ್ರಾಂತದ ಸರ್ಕಾರ. ಲಾಭದ ಉದ್ದೇಶವಿಲ್ಲದೆ ಎಣ್ಣೆ ಲೆಕ್ಕದ ಸಾಫ್ಟ್‌ವೇರ್ ಬೆಳೆಸುವುದು ಅದರ ಗುರಿಯಾಗಿತ್ತು. ಇಪ್ಪತ್ತು ವರ್ಷ ತುಂಬುವ ಮೊದಲೇ, 1997ರಲ್ಲಿ, ಅದು ಷೇರುಪೇಟೆಯ ಕಂಪನಿಯಾಯಿತು. ಈಗ ಅದರ ಸಾಫ್ಟ್‌ವೇರಿಗೆ ಲೈಸೆನ್ಸಿನ ಬೆಲೆ ಕೊಡಬೇಕು. ಅದರ ಹೆಸರಿನ ಪ್ರತಿಷ್ಠಾನವೊಂದು ವಿಶ್ವವಿದ್ಯಾಲಯಗಳ ಸಂಶೋಧನೆಗೆ ಹಣ ಕೊಡುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೂ ಹೊಲ ಸಾರ್ವಜನಿಕರದು, ಬೀಜ ಸಾರ್ವಜನಿಕರದು, ಫಸಲು ಬಂದಾಗ ಕಣ ಖಾಸಗಿಯವರದು ಎಂಬ ಮಾತು ಉಳಿದೇ ಉಳಿಯುತ್ತದೆ.

ನಮ್ಮ ಚರಿತ್ರೆ ಮರೆಯಬಾರದು

ಎಣ್ಣೆಯ ವಿಷಯದಲ್ಲಿ ಪರಾವಲಂಬನೆ ಎಂದರೇನೆಂದು ಈ ದೇಶ ಹಿಂದೆಯೇ ಕಂಡಿದೆ. ಅಸ್ಸಾಮಿನ ಡಿಗ್ಬಾಯಿಯಲ್ಲಿ 1889ರಲ್ಲೇ ಎಣ್ಣೆ ಸಿಕ್ಕಿತ್ತು. ಆದರೆ ಸ್ವಾತಂತ್ರ್ಯ ಬಂದಾಗ ಆ ವಿದ್ಯೆ ಪರದೇಶಿ ಕಂಪನಿಗಳ ಕೈಯಲ್ಲೇ ಇತ್ತು. ಕೇಶವದೇವ ಮಾಳವೀಯರು ಹಟ ಹಿಡಿದು ಸಾರ್ವಜನಿಕ ರಂಗದಲ್ಲೇ ಎಣ್ಣೆ ಹುಡುಕಿಸಲು ಮುಂದಾದರು. 1956ರಲ್ಲಿ ತೈಲ ಮತ್ತು ಪ್ರಾಕೃತಿಕ ಅನಿಲ ಆಯೋಗ ರೂಪುಗೊಂಡಿತು. ಸೋವಿಯತ್ ತಜ್ಞರ ನೆರವಿನಿಂದ 1958ರಲ್ಲಿ ಖಂಭಾತದಲ್ಲೂ 1960ರಲ್ಲಿ ಅಂಕಲೇಶ್ವರದಲ್ಲೂ ಎಣ್ಣೆ ಕಂಡಿತು. 1974ರಲ್ಲಿ ಬಾಂಬೆ ಹೈ ಸಮುದ್ರದಡಿಯಲ್ಲಿ ಸಿಕ್ಕಿತು. ಧನಬಾದಿನ ಗಣಿ ವಿದ್ಯಾಶಾಲೆಯಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗ್ ಪಾಠ ಆರಂಭವಾದದ್ದು 1957ರಲ್ಲಿ, ಆಯೋಗ ಬಂದ ಮರುವರ್ಷವೇ. ಎಣ್ಣೆ ನಮ್ಮದಾಗಬೇಕಾದರೆ ಎಣ್ಣೆಯ ವಿದ್ಯೆ ನಮ್ಮದಾಗಬೇಕು ಎಂಬ ತಿಳಿವಳಿಕೆ ಅಂದಿನವರಿಗಿತ್ತು.

ಕಂಪ್ಯೂಟರಿನ ವಿಷಯದಲ್ಲೂ ಹಾಗೆಯೇ. ಐಬಿಎಂ ಕಂಪನಿ ಬೇರೆ ದೇಶಗಳಲ್ಲಿ ಬಳಸಿ ಬಿಟ್ಟ ಹಳೆಯ ಯಂತ್ರಗಳನ್ನು ತಂದು, ರಿಪೇರಿ ಮಾಡಿ, ನಮಗೆ ಬಾಡಿಗೆಗೆ ಕೊಡುತ್ತಿತ್ತು. ಮಂಗಳೂರಿನ ಮಣ್ಣಿನ ಮಗ, ನಮ್ಮ ಜಾರ್ಜ್ ಫರ್ನಾಂಡಿಸ್ ಅವರು 1977ರಲ್ಲಿ ಜನತಾ ಸರ್ಕಾರದ ಕೈಗಾರಿಕಾ ಮಂತ್ರಿಯಾದಾಗ, ಈ ದೇಶದ ಕಾನೂನಿನಂತೆ ಭಾರತೀಯರಿಗೆ ಹೆಚ್ಚಿನ ಪಾಲು ಕೊಟ್ಟು ವ್ಯಾಪಾರ ಮಾಡಿ ಎಂದು ಪಟ್ಟು ಹಿಡಿದರು. ಕಂಪನಿ ಒಪ್ಪದೆ 1978ರಲ್ಲಿ ಗಂಟು ಕಟ್ಟಿತು. ದೇಶದ ಕಂಪ್ಯೂಟರುಗಳೆಲ್ಲ ನಿಂತೇ ಹೋಗುತ್ತವೆ ಎಂದು ಅಂದು ಕೂಗಾಡಿದವರಿದ್ದರು. ಒಂದೂ ನಿಲ್ಲಲಿಲ್ಲ. ಸಿಎಂಸಿ ಎಂಬ ಸಾರ್ವಜನಿಕ ರಂಗದ ಸಂಸ್ಥೆಯ ಎಂಜಿನಿಯರುಗಳು ಆ ಯಂತ್ರಗಳನ್ನು ವಹಿಸಿಕೊಂಡು ನಡೆಸಿದರು. ಬಾಡಿಗೆ ಯಂತ್ರ ಹೋಯಿತು. ಈಗ ಯಂತ್ರ ನಮ್ಮದೇ. ಅದರೊಳಗಿನ ಬರವಣಿಗೆ ಬಾಡಿಗೆಯದು. ಬಾಡಿಗೆಯ ರೂಪ ಬದಲಾಯಿತೇ ಹೊರತು ಬಾಡಿಗೆ ತಪ್ಪಲಿಲ್ಲ.

ನಾರ್ವೆ ದೇಶ ತೋರಿಸಿದ ದಾರಿ

ಬೇರೆ ದಾರಿ ಇಲ್ಲವೆ? ಇದೆ. ಕನಸಿನಲ್ಲಲ್ಲ, ನಾರ್ವೆ ದೇಶದಲ್ಲಿ. ಅದು ಕರ್ನಾಟಕಕ್ಕಿಂತ ಬಹಳ ಕಡಿಮೆ ಜನಸಂಖ್ಯೆಯ ದೇಶ. ತನ್ನ ಸಮುದ್ರದಲ್ಲಿ ಎಣ್ಣೆ ಸಿಕ್ಕಾಗ 1972ರಲ್ಲಿ ಸರ್ಕಾರದ್ದೇ ಎಣ್ಣೆ ಕಂಪನಿ ಕಟ್ಟಿತು. ಹಿಂದೆ ಸ್ಟಾಟೊಯಿಲ್ ಎಂದಿದ್ದ ಆ ಕಂಪನಿ 2018ರಿಂದ ಎಕ್ವಿನಾರ್ ಆಗಿದೆ. ಇಂದಿಗೂ ಅದರ ಶೇಕಡ 67 ಪಾಲು ಸರ್ಕಾರದ್ದು.

ಉತ್ತರ ಸಮುದ್ರದಲ್ಲಿ ವೋಲ್ವೆ ಎಂಬ ಎಣ್ಣೆ ಕ್ಷೇತ್ರವಿತ್ತು. 2008ರಿಂದ 2016ರ ವರೆಗೆ ಅಲ್ಲಿಂದ ಸುಮಾರು 6 ಕೋಟಿ 30 ಲಕ್ಷ ಪೀಪಾಯಿ ಎಣ್ಣೆ ತೆಗೆದರು. ಅಲ್ಲಿದ್ದ ಎಣ್ಣೆಯಲ್ಲಿ ಶೇಕಡ 54ರಷ್ಟು ಮೇಲೆ ಬಂತು. ನಾವು ಮೊದಲು ಹೇಳಿದ ಮೂರರಲ್ಲೊಂದು ಪಾಲಿನ ಜೊತೆ ಇದನ್ನು ಹೋಲಿಸಿ ನೋಡಿ. ಕ್ಷೇತ್ರ ಮುಚ್ಚಿದ ಮೇಲೆ, 2018ರಲ್ಲಿ, ಆ ಕಂಪನಿ ಮತ್ತು ಅದರ ಪಾಲುದಾರರು ವೋಲ್ವೆಯ ದಾಖಲೆಗಳನ್ನೆಲ್ಲ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಬಿಚ್ಚಿಟ್ಟುಬಿಟ್ಟರು. ಸುಮಾರು 40,000 ಕಡತಗಳು! ಬಾವಿ ಕೊರೆದ ವರದಿ, ಕಲ್ಲಿನ ಅಳತೆ, ದಿನದಿನದ ಉತ್ಪತ್ತಿ, ಲೆಕ್ಕದ ಮಾದರಿ, ಎಲ್ಲವೂ. ಲೋಕದ ಯಾವ ಮೂಲೆಯ ಹುಡುಗನೂ ಹುಡುಗಿಯೂ ಅದನ್ನು ಇಳಿಸಿಕೊಂಡು ಒಂದು ನಿಜವಾದ ಎಣ್ಣೆ ಕ್ಷೇತ್ರದ ಜಾತಕ ಓದಬಹುದು. ನಾರ್ನೆ ಎಂಬ ಇನ್ನೊಂದು ಕ್ಷೇತ್ರದ ಮಾಹಿತಿಯೂ ಅಲ್ಲಿನ ಟ್ರಾಂಡ್‌ಹೈಮ್ ಪಟ್ಟಣದ ವಿಶ್ವವಿದ್ಯಾಲಯದ ಮೂಲಕ ಹೀಗೆಯೇ ಹೊರಬಂತು.

ಮಾಹಿತಿ ಮಾತ್ರವಲ್ಲ, ಉಪಕರಣವೂ ಬಂತು. ಅದೇ ಪಟ್ಟಣದ ಸಿಂಟೆಫ್ ಎಂಬ ಲಾಭರಹಿತ ಸಂಶೋಧನಾ ಸಂಸ್ಥೆಯವರು ಎಣ್ಣೆ ಲೆಕ್ಕದ ಸಲಕರಣೆಗಳನ್ನು ಬರೆದು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ ಎಂದು ಬಿಟ್ಟಿದ್ದಾರೆ. ಅದರ ಪಠ್ಯಪುಸ್ತಕ 2019ರಲ್ಲಿ ಅಚ್ಚಾಯಿತು. ಅದೂ ಪುಕ್ಕಟೆಯಾಗಿ ಓದಲು ಸಿಗುತ್ತದೆ. ಸಿಂಟೆಫ್, ಎಕ್ವಿನಾರ್ ಮೊದಲಾದವರು ಸೇರಿ ಬೆಳೆಸಿದ ಓಪಿಎಂ ಫ್ಲೋ ಎಂಬ ಸಾಫ್ಟ್‌ವೇರ್ ಇದೆ. ಅದಕ್ಕೆ ಲೈಸೆನ್ಸಿನ ಬೆಲೆಯಿಲ್ಲ, ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಸಂಜೆ ಐದೂವರೆಯ ಬೀಗವೂ ಇಲ್ಲ. ಲಿನಕ್ಸ್ ಎಂಬ ಇನ್ನೊಂದು ಪುಕ್ಕಟೆ ವ್ಯವಸ್ಥೆಯನ್ನು ಹಾಕಿಕೊಂಡ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಅದು ಓಡುತ್ತದೆ.

ಎಷ್ಟು ದೊಡ್ಡ ಯಂತ್ರ ಬೇಕು ಎಂದು ಕೇಳುವವರಿಗೆ ಲೆಕ್ಕ ಕೊಡುತ್ತೇವೆ. 1981ರಲ್ಲಿ ಏಳು ಕಂಪನಿಗಳು ತಮ್ಮ ತಮ್ಮ ಸಾಫ್ಟ್‌ವೇರನ್ನು ಒರೆಗೆ ಹಚ್ಚಲು ಒಪ್ಪಿಕೊಂಡ ಮೊದಲ ಮಾದರಿ ಲೆಕ್ಕದಲ್ಲಿದ್ದದ್ದು 300 ಚೌಕ. ಇಂದು ಅದು ಯಾವ ಲ್ಯಾಪ್‌ಟಾಪಿಗೂ ಕ್ಷಣದ ಕೆಲಸ. ನಿಜವಾದ ಕ್ಷೇತ್ರವಾದ ನಾರ್ನೆಯ ಮಾದರಿಯಲ್ಲಿ ಲೆಕ್ಕಕ್ಕೆ ಬರುವ ಚೌಕಗಳು 44 ಸಾವಿರದ ಆಸುಪಾಸು. ಒಳ್ಳೆಯ ಲ್ಯಾಪ್‌ಟಾಪಿನಲ್ಲಿ ಅದೂ ಮುಗಿಯುತ್ತದೆ. 2001ರ ಇನ್ನೊಂದು ಮಾದರಿಯಲ್ಲಿ 11 ಲಕ್ಷ 22 ಸಾವಿರ ಚೌಕಗಳಿವೆ. ಅಂಥದಕ್ಕೆ ದೊಡ್ಡ ಯಂತ್ರ ಬೇಕು, ಒಪ್ಪುತ್ತೇವೆ. ಆದರೆ ಕಲಿಯುವ ಹುಡುಗನಿಗೆ ಮೊದಲ ಎರಡು ವರ್ಷ ಬೇಕಾದ್ದೆಲ್ಲ ಸೊಸೈಟಿ ಸಾಲದ ಆ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಮಗೆ ಅತ್ಯಂತ ಬೇಸರ ತಂದದ್ದು ಇದೇ.

ಡಾಕ್ಟರ್ ಲೋಹಿಯಾ ಅವರು 1952ರಲ್ಲಿ ಪಚ್‌ಮಢಿ ಸಮ್ಮೇಳನದಲ್ಲಿ ಸಣ್ಣ ಯಂತ್ರದ ಮಾತೆತ್ತಿದಾಗ ದೊಡ್ಡ ದೊಡ್ಡ ಪಂಡಿತರು ನಕ್ಕರು. ಬಂಡವಾಳಶಾಹಿಯ ದೈತ್ಯ ಯಂತ್ರವೂ ಬೇಡ, ಕೈಯಲ್ಲೇ ಎಲ್ಲ ಮಾಡುವ ಹಟವೂ ಬೇಡ, ಬಡವನ ಮನೆಯಲ್ಲಿ ನಿಲ್ಲಬಲ್ಲ ವಿದ್ಯುತ್ತಿನ ಸಣ್ಣ ಯಂತ್ರ ಬೇಕು ಎಂಬುದು ಅವರ ವಿಚಾರದ ತಿರುಳು. ಕಾರ್ಮಿಕನ ಮನೆಯ ಮಣೆಯ ಮೇಲೆ ಕೂತ ಲ್ಯಾಪ್‌ಟಾಪು, ಅದರಲ್ಲಿ ಓಡುವ ಬಿಡುಗಡೆಯಾದ ಸಾಫ್ಟ್‌ವೇರ್, ಇದಕ್ಕಿಂತ ಒಳ್ಳೆಯ ಸಣ್ಣ ಯಂತ್ರ ಇನ್ನೊಂದಿಲ್ಲ.

ಆಕ್ಷೇಪಗಳಿಗೆ ಉತ್ತರ

ಇಷ್ಟು ಹೇಳಿದ ಕೂಡಲೇ ಕೆಲವರು ಎದ್ದು ನಿಲ್ಲುತ್ತಾರೆ. ಕಂಪನಿಯ ಸಾಫ್ಟ್‌ವೇರ್ ಬರದಿದ್ದರೆ ಹುಡುಗರಿಗೆ ಕೆಲಸ ಸಿಗುವುದಿಲ್ಲ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯವಿದೆ. ಎಕ್ಲಿಪ್ಸ್ ಎಂಬ ಸಾಫ್ಟ್‌ವೇರ್ 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಮುಂದೆ ಶ್ಲಂಬರ್ಜರ್ ಕಂಪನಿಯ ಕೈ ಸೇರಿ, ಎಣ್ಣೆ ಉದ್ಯಮದಲ್ಲೆಲ್ಲ ಹಬ್ಬಿಕೊಂಡಿದೆ. ಅದನ್ನು ಬಲ್ಲವನಿಗೆ ಬೆಲೆ ಉಂಟು. ಆದ್ದರಿಂದಲೇ ಕೊಟ್ಟದ್ದನ್ನು ವಾಪಸು ಎಸೆಯಿರಿ ಎಂದು ನಾವು ಹೇಳುತ್ತಿಲ್ಲ. ಬಡ ಹುಡುಗನ ಅನ್ನಕ್ಕೆ ಕಲ್ಲು ಹಾಕುವ ಕ್ರಾಂತಿ ನಮ್ಮದಲ್ಲ. ಎರಡನ್ನೂ ಕಲಿಸಿ ಎನ್ನುತ್ತೇವೆ. ನಾವು ಮೇಲೆ ಹೇಳಿದ ಓಪಿಎಂ ಫ್ಲೋ ಆ ಎಕ್ಲಿಪ್ಸ್ ಬಗೆಯ ಕಡತಗಳನ್ನೇ ಓದುತ್ತದೆ. ಒಂದರಲ್ಲಿ ಕೈ ಪಳಗಿದವನಿಗೆ ಇನ್ನೊಂದು ಕಷ್ಟವಾಗುವುದಿಲ್ಲ. ಮನೆಯಲ್ಲಿ ಇದರಲ್ಲಿ ಪಳಗಲಿ, ಕೋಣೆಯಲ್ಲಿ ಅದನ್ನು ಮುಟ್ಟಲಿ. ಮೇಲಾಗಿ ಇದರ ಒಳಗನ್ನು ಬಿಚ್ಚಿ ನೋಡಬಹುದು. ಮಗ್ಗ ನಡೆಸುವುದು ಬೇರೆ, ಮಗ್ಗ ಬಿಚ್ಚಿ ಕಟ್ಟುವುದು ಬೇರೆ. ಎರಡನೆಯದನ್ನು ಬಲ್ಲವನನ್ನು ಯಾವ ಗಿರಣಿಯೂ ಸುಲಭವಾಗಿ ಬಿಡುವುದಿಲ್ಲ.

ಎಣ್ಣೆಯ ಕಾಲವೇ ಮುಗಿಯುತ್ತ ಬಂತು, ರಸ್ತೆಯಲ್ಲೆಲ್ಲ ಬ್ಯಾಟರಿ ಗಾಡಿ ಬಂದಿವೆ, ಈ ವಿದ್ಯೆಗೆ ಇಷ್ಟು ಗದ್ದಲ ಏಕೆ ಎಂಬುದು ಎರಡನೆಯದು. ಎಣ್ಣೆ ನಾಳೆಯೇ ಮುಗಿಯುವುದಿಲ್ಲ. ಮುಗಿದರೂ ಕಲ್ಲಿನೊಳಗೆ ಹರಿಯುವುದರ ಲೆಕ್ಕ ಮುಗಿಯುವುದಿಲ್ಲ. ಅಂತರ್ಜಲದ ಲೆಕ್ಕ ಇದೇ ಡಾರ್ಸಿಯ ಲೆಕ್ಕ. ಸಾವಿರ ಅಡಿ ಕೊಳವೆ ಬಾವಿ ಕೊರೆದು ಒಣ ಮಣ್ಣು ನೋಡಿದ ನಮ್ಮ ರೈತನಿಗೆ ಅದರ ಬೆಲೆ ಹೇಳಿಕೊಡಬೇಕಾಗಿಲ್ಲ. ಅಂಗಾರಾಮ್ಲವನ್ನು ಹಿಡಿದು ನೆಲದೊಳಗೆ ಹೂಳುವ ಕೆಲಸವನ್ನು ನಾರ್ವೆಯವರು ಸ್ಲೈಪ್ನರ್ ಎಂಬಲ್ಲಿ 1996ರಲ್ಲೇ ಆರಂಭಿಸಿದರು. ಅದಕ್ಕೂ ಇಂಥದೇ ಸಾಫ್ಟ್‌ವೇರ್, ಇಂಥದೇ ಚೌಕಗಳ ಲೆಕ್ಕ.

ಮೂರನೆಯದು ಹಣದ ಮಾತು. ರಾತ್ರಿ ಹತ್ತರವರೆಗೆ ಕೋಣೆ ತೆರೆದಿಡಲು ಕಾವಲುಗಾರನ ಸಂಬಳಕ್ಕೆ ಹಣವಿಲ್ಲವಂತೆ. ಸಂಸತ್ತಿನ ಕಾಯಿದೆಯಿಂದಲೇ 2007ರಲ್ಲಿ ಉತ್ತರ ಪ್ರದೇಶದಲ್ಲಿ ರಾಜೀವ್ ಗಾಂಧಿ ಪೆಟ್ರೋಲಿಯಂ ತಂತ್ರಜ್ಞಾನ ಸಂಸ್ಥೆಯನ್ನು ಕಟ್ಟಬಲ್ಲ ಸರ್ಕಾರಕ್ಕೆ, ಕೊಟ್ಯಂತರ ರೂಪಾಯಿ ಲಾಭ ತೋರಿಸುವ ಸಾರ್ವಜನಿಕ ಎಣ್ಣೆ ಕಂಪನಿಗಳಿಗೆ, ಒಬ್ಬ ಕಾವಲುಗಾರನ ಸಂಬಳ ಭಾರವೆ? ಗಿರಣಿ ಮೂರು ಪಾಳಿ ನಡೆಯುತ್ತದೆ. ಲಾಭಕ್ಕಾಗಿ ರಾತ್ರಿಯಿಡೀ ಯಂತ್ರ ಓಡಿಸಬಲ್ಲ ನಾಡಿನಲ್ಲಿ ವಿದ್ಯೆಗೆ ಒಂದೇ ಪಾಳಿಯೆ?

ನಮ್ಮ ಬೇಡಿಕೆಗಳು

ಒಂದು: ಸಾರ್ವಜನಿಕ ಹಣ ಪಡೆಯುವ ಯಾವ ಪೆಟ್ರೋಲಿಯಂ ಶಾಲೆಯಲ್ಲೂ ಕಂಪ್ಯೂಟರ್ ಕೋಣೆ ಕನಿಷ್ಠ ರಾತ್ರಿ ಹತ್ತರ ವರೆಗೆ, ಭಾನುವಾರವೂ, ತೆರೆದಿರಬೇಕು. ಹೆಣ್ಣುಮಕ್ಕಳು ಹಾಸ್ಟೆಲ್ಲಿಗೆ ನಿರ್ಭಯವಾಗಿ ಹಿಂತಿರುಗುವ ವ್ಯವಸ್ಥೆ ಅದರೊಡನೆಯೇ ಆಗಬೇಕು. ಇಲ್ಲದಿದ್ದರೆ ಆ ಹೊತ್ತು ಗಂಡುಮಕ್ಕಳ ಪಾಲಿನದು ಮಾತ್ರವಾದೀತು.

ಎರಡು: ಪರವಾನಗಿ ಬೇಡದ ಬಿಡುಗಡೆ ಸಾಫ್ಟ್‌ವೇರನ್ನು ಮೊದಲ ವರ್ಷದಿಂದಲೇ ಪಠ್ಯದಲ್ಲಿ ಸೇರಿಸಬೇಕು, ಅದನ್ನು ವಿದ್ಯಾರ್ಥಿಯ ಸ್ವಂತ ಯಂತ್ರಕ್ಕೆ ಹಾಕಿಕೊಡುವುದು ವಿಭಾಗದ ಕರ್ತವ್ಯವಾಗಬೇಕು. ಯಂತ್ರ ಕೊಳ್ಳಲಾಗದವನಿಗೆ ಗ್ರಂಥಾಲಯದ ಪುಸ್ತಕದಂತೆ ಲ್ಯಾಪ್‌ಟಾಪನ್ನು ಎರವಲು ಕೊಡಬೇಕು.

ಮೂರು: ಕಂಪನಿಗಳ ದಾನದ ಷರತ್ತುಗಳನ್ನು ವಿದ್ಯಾರ್ಥಿಗಳೂ ಪೋಷಕರೂ ಓದುವಂತೆ ಬಹಿರಂಗವಾಗಿ ಹಚ್ಚಬೇಕು. ಫಲಕ ಬಾಗಿಲ ಮೇಲಿದ್ದ ಮೇಲೆ ಷರತ್ತು ಕಡತದೊಳಗೆ ಏಕೆ?

ನಾಲ್ಕು: ದೇಶದ ಎಣ್ಣೆ ಮಾಹಿತಿಯ ರಾಷ್ಟ್ರೀಯ ಭಂಡಾರವೊಂದು 2017ರಲ್ಲಿ ಉದ್ಘಾಟನೆಯಾಗಿದೆ. ತೈಲ ಮತ್ತು ಪ್ರಾಕೃತಿಕ ಅನಿಲ ನಿಗಮದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸರ್ಕಾರದ್ದು, ಎಂದರೆ ನಮ್ಮದು. ವಯಸ್ಸಾದ ಒಂದೇ ಒಂದು ಕ್ಷೇತ್ರದ ಪೂರಾ ದಾಖಲೆಯನ್ನು, ವೋಲ್ವೆಯಂತೆ, ಯಾವ ವಿದ್ಯಾರ್ಥಿಯಾದರೂ ಅರ್ಜಿ ಶುಲ್ಕಗಳಿಲ್ಲದೆ ಮನೆಯಲ್ಲಿ ಕೂತು ಇಳಿಸಿಕೊಳ್ಳುವಂತೆ ಬಿಡುಗಡೆ ಮಾಡಲಿ. ನಮ್ಮ ಹುಡುಗರು ಉತ್ತರ ಸಮುದ್ರದ ಕಲ್ಲನ್ನು ಓದಿ ಕಲಿಯುವುದು ಒಳ್ಳೆಯದೇ. ಖಂಭಾತದ ಕಲ್ಲನ್ನು ಓದಿ ಕಲಿತರೆ ದೇಶಕ್ಕೆ ಇನ್ನೂ ಒಳ್ಳೆಯದು.

ಐದು: ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಯೋಜನೆಯನ್ನು 2015ರಲ್ಲಿ ಕೈಗೊಂಡು ಹಲವು ಸಂಸ್ಥೆಗಳಲ್ಲಿ ದೊಡ್ಡ ಯಂತ್ರಗಳನ್ನು ಕೂರಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಅದರಲ್ಲೊಂದು. ಲಕ್ಷಾಂತರ ಚೌಕಗಳ ಲೆಕ್ಕ ಮಾಡಬೇಕಾದ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ, ಯಾವ ಕಾಲೇಜಿನವರೇ ಆಗಲಿ, ಇಂಥ ಯಂತ್ರಗಳಲ್ಲಿ ಕೆಲವು ಗಂಟೆಗಳನ್ನು ಕಾದಿರಿಸಬೇಕು.

ಇವುಗಳಲ್ಲಿ ಯಾವುದೂ ಆಕಾಶಕ್ಕೆ ಏಣಿ ಹಾಕುವ ಮಾತಲ್ಲ. ಮೊದಲ ಮೂರಕ್ಕೆ ಒಂದು ವಿಭಾಗದ ಸಭೆ ಸಾಕು. ನಾಲ್ಕು ಮತ್ತು ಐದಕ್ಕೆ ದೆಹಲಿಯ ಮನಸ್ಸು ಬೇಕು. ಆ ಮನಸ್ಸು ತಾನಾಗಿ ಬರುವುದಿಲ್ಲ, ಬರಿಸಬೇಕು. ಮುಂದಿನ ತಿಂಗಳ ಜಿಲ್ಲಾ ಸಮಿತಿಯ ಸಭೆಯಲ್ಲಿ ಈ ಐದು ಬೇಡಿಕೆಗಳ ನಿರ್ಣಯ ಮಂಡಿಸುತ್ತೇವೆ. ಲೋಕಸಭಾ ಸದಸ್ಯರಿಗೆ ಕೊಡುವ ಮನವಿಗೆ ಗಿರಣಿ ಸಂಘದವರೂ ವರ್ತಕರ ಸಂಘದವರೂ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇವೆ. ಮಕ್ಕಳನ್ನು ಎಂಜಿನಿಯರಿಂಗ್ ಓದಿಸುತ್ತಿರುವ ಪೋಷಕರು, ಅದು ಪೆಟ್ರೋಲಿಯಂ ಆಗಲಿ ಬೇರೆ ವಿಷಯವಾಗಲಿ, ಮಕ್ಕಳು ರಜೆಗೆ ಬಂದಾಗ ಒಂದು ಮಾತು ಕೇಳಿ ನೋಡಿ: "ನೀನು ಕಲಿಯುವ ಉಪಕರಣ ನಿನ್ನ ಜೊತೆ ಮನೆಗೆ ಬರುತ್ತದೆಯೆ?" ಬರುವುದಿಲ್ಲ ಎಂದರೆ ನಮಗೆ ಬರೆದು ತಿಳಿಸಿ.

1951ರಲ್ಲಿ ಕಾಗೋಡಿನ ಗೇಣಿದಾರರು ಕೇಳಿದ್ದು ಹೆಚ್ಚೇನಲ್ಲ. ಉಳುವವನಿಗೆ ನೆಲದ ಮೇಲೆ ಹಕ್ಕಿರಲಿ ಎಂದರು. ಕಲಿಯುವವನಿಗೆ ಕಲಿಕೆಯ ಉಪಕರಣದ ಮೇಲೆ ಹಕ್ಕಿರಲಿ ಎಂದು ನಾವು ಕೇಳುತ್ತಿದ್ದೇವೆ. ಆ ಹುಡುಗನಿಗೆ ನಮ್ಮ ಕಚೇರಿಯಲ್ಲೇ, ಪತ್ರಿಕೆಯ ಪುಟ ಕಟ್ಟುವ ನಮ್ಮ ಯುವ ಮಿತ್ರರೊಬ್ಬರು ಕೂತು ಲಿನಕ್ಸನ್ನೂ ಬಿಡುಗಡೆ ಸಾಫ್ಟ್‌ವೇರನ್ನೂ ಹಾಕಿಕೊಟ್ಟರು. 300 ಚೌಕದ ಆ ಹಳೆಯ ಲೆಕ್ಕ ಅವನ ಯಂತ್ರದಲ್ಲೇ ಓಡಿತು. ತಂದೆ ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲೆ ಬಣ್ಣ ಬದಲಾಗುವುದನ್ನು ನೋಡಿದರು. "ಇಷ್ಟೇನಾ? ಇದಕ್ಕೆ ಎರಡು ವರ್ಷ ಬಾಗಿಲು ಕಾಯಿಸಿದರಾ?" ಎಂದು ಕೇಳಿದರು. ಉತ್ತರ ಕೊಡಬೇಕಾದವರು ನಾವಲ್ಲ.